ಹೆಂಚಿನ ಸಂದಿಯ ಕಿರುಬಾವಲಿ: ರೂಪ, ಸ್ವಭಾವ ಮತ್ತು ಬೇಸಾಯಕ್ಕೆ ಅದರ ನೆರವು

(ರೈತರ ತರಬೇತಿ ಶಿಬಿರವೊಂದರಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)

ಬೇಸಾಯಗಾರನ ಮಿತ್ರರು ಯಾರು ಎಂದು ಕೇಳಿದರೆ ಎರೆಹುಳು, ಜೇನುನೊಣ, ಗೂಬೆ, ಕೇರೆಹಾವು ಎಂದು ಹೇಳುವವರು ಬಹಳ ಜನ ಇದ್ದಾರೆ. ಆದರೆ ಬಾವಲಿಯ ಹೆಸರನ್ನು ಹೇಳುವವರು ಅಪರೂಪ. ಹಣ್ಣಿನ ತೋಟಕ್ಕೆ ದಾಳಿಯಿಡುವ ಪ್ರಾಣಿ, ಮನೆಗೆ ಬಂದರೆ ಅಪಶಕುನ, ರೋಗ ತರುವ ಜೀವಿ, ಇಷ್ಟೇ ಅದರ ಬಗ್ಗೆ ಇರುವ ಸಾಮಾನ್ಯ ತಿಳಿವಳಿಕೆ. 2018ರಲ್ಲಿ ಕೇರಳದ ಕಲ್ಲಿಕೋಟೆಯ ಕಡೆ ನಿಪಾ ಜ್ವರ ಕಾಣಿಸಿಕೊಂಡ ಮೇಲೆ ಈ ಭಯ ಇನ್ನಷ್ಟು ಹೆಚ್ಚಿತು. ಬಾವಲಿ ಎಂದರೆ ಎಲ್ಲವೂ ಒಂದೇ ಎಂದು ತಿಳಿದು ಹೊಗೆ ಹಾಕುವುದು, ಔಷಧಿ ಹೊಡೆಯುವುದು, ಕೋಲಿನಿಂದ ಬಡಿಯುವುದು ನಡೆಯುತ್ತಿದೆ. ಈ ಗಲಿಬಿಲಿಯಲ್ಲಿ ಯಾವ ತಪ್ಪನ್ನೂ ಮಾಡದ ಒಂದು ಪುಟ್ಟ ಪ್ರಾಣಿ ಬಲಿಯಾಗುತ್ತಿದೆ. ಅದೇ ನಮ್ಮ ಹೆಂಚಿನ ಸಂದಿಯಲ್ಲಿ ವಾಸಿಸುವ ಕಿರುಬಾವಲಿ. ಇದನ್ನು ಕೆಲವು ಕಡೆ ಕಪ್ಪಡಿ, ಕಣ್ಣುಕಪ್ಪಡಿ ಎಂದೂ, ಕೆಲವು ಕಡೆ ತೊಗಲಹಕ್ಕಿ ಎಂದೂ ಕರೆಯುತ್ತಾರೆ.

ಬಾವಲಿಗಳಲ್ಲಿ ಎರಡು ಬಗೆ

ಬಾವಲಿ ಹಕ್ಕಿಯಲ್ಲ. ಮೈಮೇಲೆ ಕೂದಲಿದ್ದು, ಮರಿ ಹಾಕಿ ಹಾಲೂಡುವ ಸಸ್ತನಿ. ಸಸ್ತನಿಗಳಲ್ಲಿ ನಿಜವಾಗಿ ಹಾರಬಲ್ಲದ್ದು ಇದೊಂದೇ. ಪ್ರಪಂಚದಲ್ಲಿ 1,400ಕ್ಕೂ ಹೆಚ್ಚು ಜಾತಿಯ ಬಾವಲಿಗಳಿವೆ. ಭಾರತದಲ್ಲಿ ಸುಮಾರು 130 ಜಾತಿಗಳಿವೆ. ಇವುಗಳಲ್ಲಿ ಹಣ್ಣು ಮತ್ತು ಮಕರಂದವನ್ನು ಅವಲಂಬಿಸಿದವು ಹತ್ತು ಹದಿನೈದು ಜಾತಿಗಳು ಮಾತ್ರ. ಉಳಿದವುಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಹುಳುಹುಪ್ಪಟೆ ತಿಂದು ಬದುಕುವಂಥವು.

ಆಲ, ಅರಳಿ, ಹುಣಿಸೆ ಮರಗಳಲ್ಲಿ ನೂರಾರು ಸಂಖ್ಯೆಯಲ್ಲಿ ತಲೆಕೆಳಗಾಗಿ ಜೋತಾಡುವ, ರೆಕ್ಕೆ ಬಿಚ್ಚಿದರೆ ಒಂದು ಗಜಕ್ಕೂ ಮಿಕ್ಕುವ ದೊಡ್ಡ ಬಾವಲಿ ಹಣ್ಣು ತಿನ್ನುವ ಗುಂಪಿಗೆ ಸೇರಿದ್ದು. ಸೀಬೆ, ಸಪೋಟ, ಬಾಳೆ, ದ್ರಾಕ್ಷಿ ತೋಟಗಳಿಗೆ ರಾತ್ರಿ ಬರುವ ಮೊಂಡು ಮೂಗಿನ ನಡುಗಾತ್ರದ ಬಾವಲಿಯೂ ಇದೇ ಗುಂಪಿನದು. ಇವುಗಳಿಗೆ ನಾಯಿಯಂಥ ಮುಖ, ದೊಡ್ಡ ಕಣ್ಣು. ಕಿರುಬಾವಲಿ ಈ ಗುಂಪಿನದಲ್ಲ. ಅದು ಹಣ್ಣನ್ನು ಮೂಸಿಯೂ ನೋಡುವುದಿಲ್ಲ. ದ್ರಾಕ್ಷಿ ತೋಟದ ನಷ್ಟಕ್ಕೆ ಹೆಂಚಿನ ಸಂದಿಯ ಬಾವಲಿಯನ್ನು ಕೊಲ್ಲುವುದು, ಮೇಕೆ ಮೇಯ್ದ ಹೊಲಕ್ಕೆ ಕೋಳಿಯನ್ನು ದಂಡಿಸಿದಂತೆ.

ರೂಪ ಲಕ್ಷಣಗಳು

ವಿಜ್ಞಾನಿಗಳು ಈ ಕಿರುಬಾವಲಿಗಳನ್ನು ಪಿಪಿಸ್ಟ್ರೆಲಸ್ ಎಂಬ ಕುಲಕ್ಕೆ ಸೇರಿಸಿದ್ದಾರೆ. ಇಟಾಲಿಯನ್ ಭಾಷೆಯಲ್ಲಿ ಬಾವಲಿಗಿರುವ ಹೆಸರಿನಿಂದ ಬಂದ ಪದವಿದು. ಅದರ ಮೂಲ, 'ಸಂಜೆ' ಎಂಬರ್ಥದ ಲ್ಯಾಟಿನ್ ಪದ. ನಮ್ಮಲ್ಲಿ ಸಾಮಾನ್ಯವಾಗಿ ಕಾಣುವ ಜಾತಿಗಳು ಮೂರು. ಮೊದಲನೆಯದು ಪಿಪಿಸ್ಟ್ರೆಲಸ್ ಟೆನುಯಿಸ್. ಇದು ಭಾರತದ ಅತಿ ಚಿಕ್ಕ ಬಾವಲಿಗಳಲ್ಲಿ ಒಂದು. ಎರಡನೆಯದು, ಕೋರಮಂಡಲ ತೀರದ ಹೆಸರನ್ನು ಹೊತ್ತಿರುವ ಪಿಪಿಸ್ಟ್ರೆಲಸ್ ಕೋರಮಂಡ್ರ. ಮೂರನೆಯದು ಇವೆರಡಕ್ಕಿಂತ ತುಸು ದೊಡ್ಡದಾದ ಪಿಪಿಸ್ಟ್ರೆಲಸ್ ಸಿಲೋನಿಕಸ್. ಮೊದಲಿನ ಎರಡನ್ನು ಬರಿಗಣ್ಣಿನಿಂದ ಬೇರ್ಪಡಿಸುವುದು ಪರಿಣತರಿಗೂ ಕಷ್ಟ. ರೈತರಿಗೆ ಅದರ ಅವಶ್ಯಕತೆಯೂ ಇಲ್ಲ.

ಅತಿ ಚಿಕ್ಕ ಜಾತಿಯಲ್ಲಿ ತಲೆ ಮತ್ತು ಮೈ ಸೇರಿ ಸುಮಾರು 35ರಿಂದ 45 ಮಿ.ಮೀ. ಉದ್ದ, ಎಂದರೆ ಹೆಬ್ಬೆರಳಿಗಿಂತ ಚಿಕ್ಕದು. ಮುಂದೋಳಿನ ಮೂಳೆ 25ರಿಂದ 30 ಮಿ.ಮೀ. ತೂಕ 2ರಿಂದ 4 ಗ್ರಾಂ ಮಾತ್ರ. ರೆಕ್ಕೆಗಳನ್ನು ಪೂರ್ತಿ ಹರಡಿದರೂ ಒಂದು ಗೇಣನ್ನು ಮೀರುವುದಿಲ್ಲ. ಬೆನ್ನಿನ ಕೂದಲು ಕಂದು ಅಥವಾ ಕಡುಗಂದು ಬಣ್ಣ. ಹೊಟ್ಟೆಯ ಭಾಗ ಸ್ವಲ್ಪ ತಿಳಿ. ರೆಕ್ಕೆಯ ತೊಗಲು ಕಪ್ಪು ಮಿಶ್ರಿತ ಕಂದು. ಮೂಗು ಸಾದಾ; ಕೆಲವು ಗವಿಬಾವಲಿಗಳಿಗೆ ಇರುವಂತೆ ಮೂಗಿನ ಮೇಲೆ ಎಲೆಯಂಥ ಚರ್ಮ ಇರುವುದಿಲ್ಲ. ಕಿವಿಯೊಳಗೆ ನೆಟ್ಟಗೆ ನಿಂತ ಒಂದು ಸಣ್ಣ ಹಾಳೆಯಿದೆ. ಬಾಲವು ಹಿಂಗಾಲುಗಳ ನಡುವಿನ ತೊಗಲಿನಲ್ಲಿ ತುದಿಯವರೆಗೂ ಸೇರಿಕೊಂಡಿದೆ.

ಬಾವಲಿಯ ರೆಕ್ಕೆ ಎಂದರೆ ಅದರ ಕೈಯೇ. ನಾಲ್ಕು ಬೆರಳುಗಳು ಉದ್ದವಾಗಿ ಬೆಳೆದು, ಕೊಡೆಯ ಕಡ್ಡಿಗಳಂತೆ ತೊಗಲನ್ನು ಹಿಡಿದು ನಿಲ್ಲಿಸಿವೆ. ಹೆಬ್ಬೆರಳು ಮಾತ್ರ ಕೊಕ್ಕೆಯಂತೆ ಹೊರಗಿದ್ದು, ಗೋಡೆಯ ಮೇಲೆ ತೆವಳಲು ನೆರವಾಗುತ್ತದೆ.

ವಾಸಸ್ಥಾನ ಮತ್ತು ದಿನಚರಿ

ಕಿರುಬಾವಲಿಗೆ ಗವಿ ಬೇಕಿಲ್ಲ. ಒಂದು ಬೆರಳು ತೂರುವಷ್ಟು ಸಂದಿಯಿದ್ದರೆ ಸಾಕು. ನಾಡಹೆಂಚು ಮತ್ತು ಮಂಗಳೂರು ಹೆಂಚಿನ ಅಡಿ, ಗೋಡೆಯ ಬಿರುಕು, ತೊಲೆ ಸೇರುವ ಜಾಗ, ಬಾಗಿಲ ಚೌಕಟ್ಟಿನ ಹಿಂಬದಿ, ಗೋಡೆಗೆ ತೂಗುಹಾಕಿದ ಪಟದ ಹಿಂದೆ, ಮರದ ಪೊಟರೆ, ಒಡೆದ ಬಿದಿರು, ತೆಂಗು ತಾಳೆಗಳ ಒಣಗಿ ಜೋತ ಗರಿ, ಇವು ಅದರ ಹಗಲಿನ ಮನೆಗಳು. ಸಾಮಾನ್ಯವಾಗಿ ಒಂಟಿಯಾಗಿ ಇಲ್ಲವೇ ಸಣ್ಣ ಗುಂಪುಗಳಲ್ಲಿ ಇರುತ್ತದೆ. ಚಳಿ ಹೆಚ್ಚಾದ ದಿನಗಳಲ್ಲಿ ಹಗಲು ಹೊತ್ತು ಮೈಯ ಶಾಖವನ್ನು ಇಳಿಸಿಕೊಂಡು ಜಡವಾಗಿ ಬಿದ್ದಿರುತ್ತದೆ. ಇದರಿಂದ ಮೈಯಲ್ಲಿನ ಕೊಬ್ಬು ಉಳಿತಾಯವಾಗುತ್ತದೆ. ಇಂಥ ಸ್ಥಿತಿಯಲ್ಲಿ ಸಿಕ್ಕ ಬಾವಲಿಯನ್ನು ಸತ್ತಿದೆ ಎಂದು ಎಸೆಯುವುದುಂಟು.

ಸೂರ್ಯ ಮುಳುಗಿ ಸ್ವಲ್ಪ ಹೊತ್ತಿಗೆ, ಆಕಾಶದಲ್ಲಿ ಇನ್ನೂ ಬೆಳಕಿರುವಾಗಲೇ ಇದು ಹೊರಬೀಳುತ್ತದೆ. ದನಕರುಗಳು ಕೊಟ್ಟಿಗೆ ಸೇರುವ ವೇಳೆಗೆ ಅಂಗಳದ ಮೇಲೆ, ಬೇಲಿಯ ಸಾಲಿನಲ್ಲಿ, ಕೆರೆಯ ಏರಿಯ ಮೇಲೆ ಆಡ್ಡಾದಿಡ್ಡಿಯಾಗಿ, ಗಳಿಗೆಗೊಮ್ಮೆ ದಿಕ್ಕು ಬದಲಿಸುತ್ತಾ ಹಾರಾಡುವ ಪುಟ್ಟ ಪ್ರಾಣಿ ಇದೇ. ಆ ಅಡ್ಡಾದಿಡ್ಡಿ ಹಾರಾಟ ಕುರುಡುತನದ ಗುರುತಲ್ಲ. ಪ್ರತಿಯೊಂದು ತಿರುವಿನಲ್ಲೂ ಅದು ಒಂದೊಂದು ಹುಳುವನ್ನು ಬೆನ್ನಟ್ಟುತ್ತಿರುತ್ತದೆ. ಹುಳುವನ್ನು ರೆಕ್ಕೆಯಿಂದ ಇಲ್ಲವೇ ಬಾಲದ ತೊಗಲಿನಿಂದ ಮೊರದಲ್ಲಿ ಹಿಡಿದಂತೆ ಹಿಡಿದು, ಹಾರುತ್ತಲೇ ಬಾಯಿಗೆ ಹಾಕಿಕೊಳ್ಳುತ್ತದೆ. ನೀರನ್ನೂ ಹಾಗೆಯೇ, ಕೆರೆ ಹೊಂಡಗಳ ಮೇಲೆ ತಗ್ಗಿ ಹಾರುತ್ತಾ ಕುಡಿಯುತ್ತದೆ.

ಕಿವಿಯಿಂದ ನೋಡುವ ಪ್ರಾಣಿ

ಬಾವಲಿಗೆ ಕಣ್ಣಿಲ್ಲ ಎಂಬುದು ತಪ್ಪು. ಕಣ್ಣಿದೆ, ಕಾಣುತ್ತದೆ. ಆದರೆ ಕತ್ತಲಲ್ಲಿ ಬೇಟೆಯಾಡುವುದು ಕಿವಿಯ ಬಲದಿಂದ. 1793ರಲ್ಲಿ ಇಟಲಿಯ ಸ್ಪಲ್ಲಾಂಜಾನಿ ಎಂಬ ವಿಜ್ಞಾನಿ, ಕಣ್ಣು ಕಳೆದ ಬಾವಲಿಯೂ ಅಡೆತಡೆಗಳಿಗೆ ತಾಗದೆ ಹಾರಬಲ್ಲದು ಎಂದು ತೋರಿಸಿದ. ಕಿವಿ ಮುಚ್ಚಿದರೆ ಮಾತ್ರ ಅದು ದಾರಿ ತಪ್ಪುತ್ತದೆ ಎಂಬುದು ಮುಂದಿನ ಪ್ರಯೋಗಗಳಿಂದ ತಿಳಿಯಿತು. ಕಾರಣ ಗೊತ್ತಾಗಲು ಸುಮಾರು ಒಂದೂವರೆ ಶತಮಾನ ಬೇಕಾಯಿತು. 1938ರ ನಂತರ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಡೊನಾಲ್ಡ್ ಗ್ರಿಫಿನ್ ಮತ್ತು ಅವರ ಜೊತೆಗಾರರು, ಬಾವಲಿಯು ಮನುಷ್ಯನ ಕಿವಿಗೆ ಕೇಳಿಸದಷ್ಟು ಕೀರಲಾದ ಧ್ವನಿ ಹೊರಡಿಸಿ, ಅದು ತಾಗಿ ಹಿಂದಿರುಗುವ ಪ್ರತಿಧ್ವನಿಯಿಂದ ವಸ್ತುವಿನ ದೂರ, ದಿಕ್ಕುಗಳನ್ನು ಅರಿಯುತ್ತದೆ ಎಂದು ಸಿದ್ಧಪಡಿಸಿದರು. ಮನುಷ್ಯನ ಕಿವಿ ಸೆಕೆಂಡಿಗೆ 20,000 ಕಂಪನಗಳವರೆಗಿನ ಧ್ವನಿಯನ್ನು ಕೇಳಬಲ್ಲದು. ಕಿರುಬಾವಲಿಯ ಕೂಗು ಸುಮಾರು 40,000 ಕಂಪನಗಳ ಆಸುಪಾಸಿನದು. ಹುಳು ಹತ್ತಿರವಾದಂತೆ ಈ ಕೂಗುಗಳು ಒಂದರ ಹಿಂದೊಂದು ಬೇಗ ಬೇಗ ಹೊರಡುತ್ತವೆ. ಸೊಳ್ಳೆಯಷ್ಟು ಸಣ್ಣ ಜೀವಿಯನ್ನೇ ಗುರುತಿಸಬಲ್ಲ ಪ್ರಾಣಿಯು ಮನುಷ್ಯನ ತಲೆಗೂದಲಿಗೆ ಬಂದು ಸಿಕ್ಕಿಹಾಕಿಕೊಳ್ಳುತ್ತದೆ ಎಂಬ ಹೆದರಿಕೆಗೆ ಆಧಾರವಿಲ್ಲ.

ಆಹಾರ

ಸೊಳ್ಳೆ, ಗುಂಗಾಡು, ಸಣ್ಣ ನೊಣ, ಸಣ್ಣ ಪತಂಗ, ಸಣ್ಣ ದುಂಬಿ, ಜಿಗಿಹುಳು, ರೆಕ್ಕೆಯ ಇರುವೆ, ಮೊದಲ ಮಳೆಗೆ ಏಳುವ ಈಸಲುಹುಳು, ಇವು ಕಿರುಬಾವಲಿಯ ಆಹಾರ. ಹುಳು ತಿನ್ನುವ ಬಾವಲಿಗಳು ಒಂದು ರಾತ್ರಿಗೆ ತಮ್ಮ ತೂಕದ ಮೂರನೆಯ ಒಂದು ಪಾಲಿನಿಂದ ಅರ್ಧದವರೆಗೆ ತಿನ್ನುವುದು ಸಾಮಾನ್ಯ. ಹಾಲೂಡುವ ತಾಯಿ ಇನ್ನೂ ಹೆಚ್ಚು ತಿನ್ನುತ್ತದೆ.

"ಒಂದು ಬಾವಲಿ ಗಂಟೆಗೆ ಸಾವಿರ ಸೊಳ್ಳೆ ತಿನ್ನುತ್ತದೆ" ಎಂಬ ಮಾತು ಪ್ರಚಾರದಲ್ಲಿದೆ. ಇದು ಪ್ರಯೋಗಾಲಯದ ಕೋಣೆಯಲ್ಲಿ ಬಿಟ್ಟ ಹುಳುಗಳನ್ನು ಬಾವಲಿಗಳು ಕೆಲವು ನಿಮಿಷಗಳಲ್ಲಿ ಹಿಡಿದುದನ್ನು ಗಂಟೆಗೆ ಹಿಗ್ಗಿಸಿ ಮಾಡಿದ ಲೆಕ್ಕ. ಹೊಲದಲ್ಲಿ ಹಾಗಾಗುವುದಿಲ್ಲ. ಸರಿಯಾದ ಲೆಕ್ಕ ಹೀಗೆ: 3 ಗ್ರಾಂ ತೂಕದ ಬಾವಲಿ ರಾತ್ರಿಗೆ 1 ಗ್ರಾಂ ಹುಳು ತಿಂದರೆ, ಒಂದು ಮನೆಯ ಮಾಡಿನಲ್ಲಿರುವ 20 ಬಾವಲಿಗಳು 20 ಗ್ರಾಂ ತಿನ್ನುತ್ತವೆ. ವರ್ಷಕ್ಕೆ ಇದು 7 ಕಿಲೋಗ್ರಾಂ ಮೀರುತ್ತದೆ. ಒಂದು ಸೊಳ್ಳೆಯ ತೂಕ 2 ಮಿಲಿಗ್ರಾಂ ಎಂದಿಟ್ಟುಕೊಂಡರೆ 1 ಗ್ರಾಂಗೆ 500 ಸೊಳ್ಳೆಗಳು ಬೇಕು. ಉತ್ಪ್ರೇಕ್ಷೆಯಿಲ್ಲದೆಯೂ ಇದು ಸಣ್ಣ ಕೆಲಸವಲ್ಲ.

ಸಂತಾನ

ಬಾವಲಿಯ ಗಾತ್ರ ನೋಡಿ, ಇಲಿಯಂತೆ ಬೇಗ ಬೇಗ ಹೆಚ್ಚುತ್ತದೆ ಎಂದು ತಿಳಿಯುವವರಿದ್ದಾರೆ. ಇಲಿ ಒಂದು ಸೂಲಿಗೆ ಆರೆಂಟು ಮರಿ ಹಾಕುತ್ತದೆ. ಬಹುಪಾಲು ಬಾವಲಿಗಳು ಒಂದೇ ಮರಿ ಹಾಕುತ್ತವೆ. ಕಿರುಬಾವಲಿಯಲ್ಲಿ ಸಾಮಾನ್ಯವಾಗಿ ಎರಡು. ಭಾರತದ ಬಾವಲಿಗಳ ಸಂತಾನಕ್ರಮವನ್ನು ನಾಗಪುರದಲ್ಲಿ ಎ. ಗೋಪಾಲಕೃಷ್ಣ ಮತ್ತು ಅವರ ಶಿಷ್ಯರು ದೀರ್ಘಕಾಲ ಅಧ್ಯಯನ ಮಾಡಿದ್ದಾರೆ. ಅತಿ ಚಿಕ್ಕ ಜಾತಿಯು ವರ್ಷದ ಬೇರೆ ಬೇರೆ ಕಾಲಗಳಲ್ಲಿ ಮರಿ ಹಾಕುವುದು ಇಂಥ ಅಧ್ಯಯನಗಳಿಂದ ತಿಳಿದುಬಂದಿದೆ. ಹುಟ್ಟಿದ ಮರಿಗೆ ಕೂದಲಿಲ್ಲ, ಕಣ್ಣು ಬಿಟ್ಟಿರುವುದಿಲ್ಲ. ಕೆಲವು ವಾರಗಳ ತನಕ ಹಾರಲಾರದು. ತಾಯಿ ಸತ್ತರೆ ಮರಿಯೂ ಸಾಯುತ್ತದೆ. ಹೀಗಾಗಿ ಒಮ್ಮೆ ನಾಶವಾದ ಗುಂಪು ಮತ್ತೆ ಕೂಡಿಕೊಳ್ಳಲು ಬಹಳ ಕಾಲ ಹಿಡಿಯುತ್ತದೆ. ಇಲಿಯ ಲೆಕ್ಕವನ್ನು ಬಾವಲಿಗೆ ಅನ್ವಯಿಸಬಾರದು.

ಬೆಳೆಗೆ ಆಗುವ ಪ್ರಯೋಜನ

ಹಗಲಿನ ಹಕ್ಕಿಗಳು ಗೂಡು ಸೇರಿದ ಮೇಲೆ ಪತಂಗಗಳು ಹಾರಾಟಕ್ಕೆ ಹೊರಡುತ್ತವೆ. ಭತ್ತದ ಕಾಂಡ ಕೊರೆಯುವ ಹುಳುವಿನ ಪತಂಗ, ಎಲೆ ಸುತ್ತುವ ಹುಳುವಿನ ಪತಂಗ, ಕಣೆ ನೊಣ, ಜಿಗಿಹುಳುಗಳು ಸಂಜೆ ಮತ್ತು ರಾತ್ರಿ ಹಾರುವಂಥವು. ಕಾಂಡ ಕೊರಕದ ಒಂದು ಹೆಣ್ಣು ಪತಂಗ ನೂರಕ್ಕೂ ಹೆಚ್ಚು ಮೊಟ್ಟೆಯಿಡಬಲ್ಲದು. ಮೊಟ್ಟೆಯಿಡುವ ಮೊದಲೇ ಒಂದು ಪತಂಗ ಬಾವಲಿಯ ಬಾಯಿಗೆ ಬಿದ್ದರೆ ಅಷ್ಟೂ ಮರಿಹುಳುಗಳು ಹುಟ್ಟುವುದೇ ಇಲ್ಲ.

ಈ ಬಗ್ಗೆ ಬೇರೆ ದೇಶಗಳಲ್ಲಿ ನಡೆದ ಕೆಲಸ ಗಮನಾರ್ಹ. ಸ್ಪೇನ್ ದೇಶದ ಎಬ್ರೊ ನದಿಯ ಮುಖಜ ಭೂಮಿಯ ಭತ್ತದ ಗದ್ದೆಗಳ ಬಳಿ ಮರದ ಪೆಟ್ಟಿಗೆಗಳನ್ನು ಕಟ್ಟಲಾಯಿತು. ನಮ್ಮ ಕಿರುಬಾವಲಿಯ ಹತ್ತಿರದ ಬಂಧುವಾದ ಅಲ್ಲಿನ ಜಾತಿಯೊಂದು ಅವುಗಳಲ್ಲಿ ನೆಲೆಸಿತು. ವರ್ಷಗಳು ಕಳೆದಂತೆ ಆ ಪ್ರದೇಶದಲ್ಲಿ ಕಾಂಡ ಕೊರಕದ ಹಾವಳಿ ಇಳಿದುದನ್ನು 2015ರಲ್ಲಿ ಪ್ರಕಟವಾದ ವರದಿ ದಾಖಲಿಸಿದೆ. ಅದೇ ವರ್ಷ ಅಮೆರಿಕದ ಇಲಿನಾಯ್ ರಾಜ್ಯದ ಮುಸುಕಿನ ಜೋಳದ ಪ್ರಯೋಗವೂ ಪ್ರಕಟವಾಯಿತು. ರಾತ್ರಿ ಹೊತ್ತು ಬಲೆ ಮುಚ್ಚಿ ಬಾವಲಿಗಳನ್ನು ತಡೆದ ತಾಕುಗಳಲ್ಲಿ ತೆನೆ ಕೊರೆಯುವ ಹುಳುಗಳು ಹೆಚ್ಚಿದವು. ತೆನೆಗೆ ಬೂಷ್ಟು ಹಿಡಿಯುವುದೂ ಹೆಚ್ಚಿತು.

ಬಾವಲಿಗಳು ಇಲ್ಲವಾದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆಯಿದೆ. ಅಮೆರಿಕದಲ್ಲಿ 2006ರಿಂದ 'ಬಿಳಿಮೂಗು' ಎಂಬ ಶಿಲೀಂಧ್ರ ರೋಗದಿಂದ ಲಕ್ಷಗಟ್ಟಲೆ ಬಾವಲಿಗಳು ಸತ್ತವು. ಈ ರೋಗ ಹರಡಿದ ಜಿಲ್ಲೆಗಳಲ್ಲಿ ರೈತರು ಬಳಸುವ ಕೀಟನಾಶಕದ ಪ್ರಮಾಣ ಸರಾಸರಿ ಶೇಕಡ 31ರಷ್ಟು ಏರಿತೆಂದು 2024ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಬಾವಲಿ ಬಿಟ್ಟಿಯಾಗಿ ಮಾಡುತ್ತಿದ್ದ ಕೆಲಸಕ್ಕೆ ರೈತ ಹಣ ತೆರಬೇಕಾಯಿತು.

ಆದರೆ ಒಂದು ಎಚ್ಚರಿಕೆ ಅಗತ್ಯ. ಬಾವಲಿಯಿದೆ ಎಂದ ಮಾತ್ರಕ್ಕೆ ಸಸ್ಯ ಸಂರಕ್ಷಣೆಯನ್ನು ಕೈಬಿಡಲಾಗದು. ಕಿರುಬಾವಲಿಯ ಬಾಯಿ ಚಿಕ್ಕದು. ಕಾಯಿಕೊರಕದ ದಪ್ಪ ಪತಂಗ, ಗೊಣ್ಣೆಹುಳುವಿನ ದೊಡ್ಡ ದುಂಬಿಗಳು ಅದಕ್ಕೆ ಮೀರಿದ ಬೇಟೆ. ಅವುಗಳನ್ನು ಹಿಡಿಯುವುದು ಅದಕ್ಕಿಂತ ದೊಡ್ಡ ಬಾವಲಿಗಳು. ಎಲೆಯ ಮೇಲಿನ ಮೊಟ್ಟೆ, ಕಾಂಡದೊಳಗಿನ ಮರಿಹುಳುಗಳಿಗೂ ಅದು ಕೈಹಾಕದು. ಉಪಕಾರಿ ಕೀಟಗಳೂ ಕೆಲವು ಅದಕ್ಕೆ ಆಹಾರವಾಗುತ್ತವೆ. ಆದುದರಿಂದ ಸಮಗ್ರ ಪೀಡೆ ನಿರ್ವಹಣೆಯಲ್ಲಿ ಬಾವಲಿಯದು ಒಂದು ಪಾಲು, ಅಷ್ಟೇ. ಪತಂಗಗಳ ಸಂಖ್ಯೆ ಹಾನಿಯ ಮಟ್ಟಕ್ಕೆ ಏರುವುದನ್ನು ತಡಮಾಡುವುದು ಅದರ ಕೆಲಸ. ಹಾಗೆ ತಡವಾದರೆ ಒಂದು ಸಿಂಪರಣೆ ಉಳಿದರೂ ಉಳಿಯಬಹುದು.

ರೋಗದ ಭಯ: ನಿಜವೆಷ್ಟು?

ನಿಪಾ ವೈರಾಣುವಿನ ಮುಖ್ಯ ನೆಲೆ ದೊಡ್ಡ ಹಣ್ಣುಬಾವಲಿಗಳು. ಅವು ಕಚ್ಚಿ ಬಿಟ್ಟ ಹಣ್ಣು, ಬಾಯಿ ಹಾಕಿದ ಈಚಲ ರಸ ಮುಂತಾದವುಗಳಿಂದ ಸೋಂಕು ತಗಲುವ ಸಂಭವವಿದೆ. ಕಿರುಬಾವಲಿ ಹಣ್ಣನ್ನಾಗಲಿ ರಸವನ್ನಾಗಲಿ ಮುಟ್ಟುವುದಿಲ್ಲ. ಆದರೂ ಯಾವುದೇ ಕಾಡುಪ್ರಾಣಿಯನ್ನು ಬರಿಗೈಯಿಂದ ಹಿಡಿಯುವುದು ಸಲ್ಲದು. ಈ ಕೆಳಗಿನ ಅಂಶಗಳನ್ನು ಮನೆಮಂದಿಗೆಲ್ಲ, ಮುಖ್ಯವಾಗಿ ಮಕ್ಕಳಿಗೆ ತಿಳಿಸಬೇಕು.

1. ಬಾವಲಿಯನ್ನು, ಸತ್ತದ್ದನ್ನೂ ಸಹ, ಬರಿಗೈಯಿಂದ ಮುಟ್ಟಬಾರದು.

2. ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ವೈದ್ಯರನ್ನು ಕಾಣಬೇಕು. ಬಾವಲಿಗಳು ರೇಬೀಸ್ ಜಾತಿಯ ವೈರಾಣುಗಳನ್ನು ಹೊತ್ತಿರುವ ಸಾಧ್ಯತೆಯುಂಟು.

3. ಹಿಕ್ಕೆ ಬಳಿಯುವಾಗ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ನೀರು ಚಿಮುಕಿಸಿ, ದೂಳೇಳದಂತೆ ಬಳಿಯಬೇಕು. ಹಳೆಯ ಹಿಕ್ಕೆಯ ದೂಳಿನಲ್ಲಿ ಶ್ವಾಸಕೋಶಕ್ಕೆ ಕೆಡುಕು ಮಾಡುವ ಶಿಲೀಂಧ್ರ ಇರಬಹುದು.

4. ಬಾವಲಿ ಅಥವಾ ಹಕ್ಕಿ ಕಚ್ಚಿದ ಹಣ್ಣನ್ನು ತಿನ್ನಬಾರದು.

ಕಿರುಬಾವಲಿಯ ಹಿಕ್ಕೆಯನ್ನು ಗುರುತಿಸುವುದು ಸುಲಭ. ಸಣ್ಣ ಅಕ್ಕಿಕಾಳಿನಷ್ಟಿದ್ದು ಕಪ್ಪಗಿರುತ್ತದೆ. ಒಣಗಿದ್ದನ್ನು ಕಡ್ಡಿಯಿಂದ ಒತ್ತಿದರೆ ಪುಡಿಯಾಗಿ ಹುಳುಗಳ ಹೊಳೆಯುವ ಚೂರುಗಳು ಕಾಣುತ್ತವೆ. ಇಲಿಯ ಹಿಕ್ಕೆ ಹಾಗೆ ಪುಡಿಯಾಗುವುದಿಲ್ಲ. ಹಲ್ಲಿಯ ಹಿಕ್ಕೆಗೆ ಒಂದು ತುದಿಯಲ್ಲಿ ಬಿಳಿ ಬೊಟ್ಟಿರುತ್ತದೆ. ಇಲಿಪಾಷಾಣ ಇಡುವ ಮೊದಲು ಈ ಪರೀಕ್ಷೆ ಮಾಡುವುದು ಒಳ್ಳೆಯದು.

ಮನೆಯೊಳಗೆ ಬೇಡವಾದರೆ

ಅಡುಗೆ ಮನೆಯ ಮೇಲೋ ಮಲಗುವ ಜಾಗದ ಮೇಲೋ ಬಾವಲಿಗಳಿದ್ದರೆ ತೊಂದರೆಯಾಗುವುದು ಸಹಜ. ಹಿಂದೆ ಮಾಡಿನ ಸಂದಿಗೆ ಬಿ.ಎಚ್.ಸಿ. ಪುಡಿ ಎರಚುವವರಿದ್ದರು. 1997ರಲ್ಲಿ ಆ ಪುಡಿಯನ್ನೇ ನಿಷೇಧಿಸಲಾಯಿತು. ಈಗ ಬೇರೆ ಔಷಧಿ ಎರಚಿದರೂ ಆಗುವುದು ಅದೇ: ವಿಷ ಅನ್ನದ ಪಾತ್ರೆಗೂ ತೊಟ್ಟಿಲಿಗೂ ಉದುರುತ್ತದೆ, ಬಾವಲಿಗಳು ಸಂದಿಯಲ್ಲೇ ಸತ್ತು ನಾರುತ್ತವೆ. ಕೊಲ್ಲದೆ ಹೊರಡಿಸುವ ಕ್ರಮ ಹೀಗಿದೆ.

ಎರಡು ಮೂರು ಸಂಜೆ ಹೊರಗೆ ಕುಳಿತು ಬಾವಲಿಗಳು ಯಾವ ಸಂದಿಯಿಂದ ಹೊರಬರುತ್ತವೆ ಎಂದು ಗುರುತಿಸಬೇಕು. ಅವು ಹೊರಟ ಮೇಲೂ ಒಳಗಿನಿಂದ ಚಿಲಿಪಿಲಿ ಸದ್ದು ಬರುತ್ತಿದ್ದರೆ ಮರಿಗಳಿವೆ ಎಂದು ತಿಳಿದು, ಐದಾರು ವಾರ ಕಾಯಬೇಕು. ಮರಿಗಳಿಲ್ಲವೆಂದು ಖಚಿತವಾದ ಮೇಲೆ, ಸಂದಿಯ ಮೇಲ್ಭಾಗ ಮತ್ತು ಎರಡು ಬದಿಗೆ ಸಣ್ಣ ಕಣ್ಣಿನ ಪ್ಲಾಸ್ಟಿಕ್ ಬಲೆಯನ್ನು ಬಿಗಿದು, ಕೆಳಭಾಗವನ್ನು ಒಂದೂವರೆ ಅಡಿ ಸಡಿಲವಾಗಿ ಇಳಿಬಿಡಬೇಕು. ಒಳಗಿನ ಬಾವಲಿ ಕೆಳಕ್ಕೆ ತೆವಳಿ ಹೊರಬೀಳುತ್ತದೆ. ಹಿಂದಿರುಗಿ ಬಂದಾಗ ದಾರಿ ಸಿಗುವುದಿಲ್ಲ. ಒಂದು ವಾರದ ನಂತರ ಸಂದಿಯನ್ನು ಗಾರೆಯಿಂದ ಮುಚ್ಚಬಹುದು. ದಾರಿತಪ್ಪಿ ಕೋಣೆಗೆ ಬಂದ ಬಾವಲಿಗೆ ದೀಪ, ಫ್ಯಾನು ಆರಿಸಿ ಕಿಟಕಿ ತೆರೆದಿಟ್ಟರೆ ತಾನಾಗಿ ಹೊರಹೋಗುತ್ತದೆ. ನೆಲಕ್ಕೆ ಬಿದ್ದದ್ದನ್ನು ದಪ್ಪ ಬಟ್ಟೆಯಿಂದ ಎತ್ತಿ ಸಂಜೆ ಎತ್ತರದ ಗೋಡೆಯ ಮೇಲೆ ಬಿಡಬೇಕು.

ಉಳಿಸಿಕೊಳ್ಳುವ ಬಗೆ

ಹೆಂಚಿನ ಮನೆಗಳು ಹೋಗಿ ತಾರಸಿ ಮನೆಗಳು ಬರುತ್ತಿವೆ. ಪೊಟರೆಯಿದ್ದ ಹಳೆಯ ಮರಗಳು ರಸ್ತೆಗೆ, ಸೌದೆಗೆ ಹೋದವು. ಕಿರುಬಾವಲಿ ಎಷ್ಟೇ ಸಾಮಾನ್ಯ ಪ್ರಾಣಿಯಾದರೂ ಸಂದಿಯಿಲ್ಲದ ಊರಿನಲ್ಲಿ ಬಾಳಲಾರದು. ಈ ದಿಶೆಯಲ್ಲಿ ರೈತರು ಹೆಚ್ಚು ಖರ್ಚಿಲ್ಲದೆ ಮಾಡಬಹುದಾದ ಕೆಲಸಗಳಿವೆ.

ಕೊಟ್ಟಿಗೆ, ಪಂಪಿನ ಮನೆ, ಹುಲ್ಲಿನ ಮನೆಗಳಲ್ಲಿರುವ ಬಾವಲಿಗಳನ್ನು ಹಾಗೆಯೇ ಬಿಡಬೇಕು. ಬದುವಿನ ಮೇಲಿನ ಹಳೆಯ ಮರ, ಬಿದಿರು ಮೆಳೆಗಳನ್ನು ಉಳಿಸಬೇಕು. ತೆಂಗಿನ ಒಣ ಗರಿಗಳನ್ನು ತೆಗೆಯುವಾಗ ನಾಲ್ಕಾರು ಮರಗಳಲ್ಲಿ ಬಿಟ್ಟರೆ ನಷ್ಟವಿಲ್ಲ. ಬಾವಲಿ ಹೊರಬರುವ ಸಂದಿಯ ಎದುರು ರಾತ್ರಿಯಿಡೀ ಪ್ರಖರ ದೀಪ ಉರಿಸಬಾರದು. ಕೀಟನಾಶಕವನ್ನು ಹುಳುವಿನ ಹಾನಿಯ ಮಟ್ಟ ನೋಡಿ, ಅಗತ್ಯವಿದ್ದಾಗ ಮಾತ್ರ ಸಿಂಪಡಿಸಬೇಕು.

ಬಾವಲಿ ಪೆಟ್ಟಿಗೆಯನ್ನು ಹಳ್ಳಿಯ ಬಡಗಿಯೇ ಮಾಡಬಲ್ಲ. ಎರಡು ಅಡಿ ಎತ್ತರ, ಒಂದು ಅಡಿ ಅಗಲದ ಎರಡು ಹಲಗೆಗಳನ್ನು ಮುಕ್ಕಾಲು ಅಂಗುಲ ಅಂತರದಲ್ಲಿ ಜೋಡಿಸಿ, ಬದಿಗಳನ್ನು ಮತ್ತು ಮೇಲ್ಭಾಗವನ್ನು ಮುಚ್ಚಬೇಕು. ತಳ ತೆರೆದಿರಬೇಕು. ಹಿಂದಿನ ಹಲಗೆ ತಳದಲ್ಲಿ ನಾಲ್ಕು ಅಂಗುಲ ಉದ್ದವಾಗಿರಲಿ. ಬಾವಲಿ ಬಂದು ಹಿಡಿಯುವುದು ಅಲ್ಲಿಯೇ. ಒಳಮೈಗೆ ಗರಗಸದಿಂದ ಅಡ್ಡಗೀರು ಹಾಕಬೇಕು. ಒಳಗೆ ಬಣ್ಣ, ವಾರ್ನಿಷ್ ಬಳಿಯಬಾರದು. ಹನ್ನೆರಡರಿಂದ ಹದಿನೈದು ಅಡಿ ಎತ್ತರದಲ್ಲಿ, ಪೂರ್ವದ ಗೋಡೆಗೆ, ಸೂರಿನ ಕೆಳಗೆ ಕಟ್ಟಬೇಕು. ಬಯಲುಸೀಮೆಯ ಬೇಸಿಗೆಯಲ್ಲಿ ಪಶ್ಚಿಮದ ಬಿಸಿಲಿಗೆ ಕಟ್ಟಿದ ಪೆಟ್ಟಿಗೆ ಕಾದ ಹೆಂಚಾಗಿ ಬಾವಲಿಯ ಪ್ರಾಣಕ್ಕೇ ಮುಳುವಾದೀತು. ಕಟ್ಟಿದ ಕೂಡಲೇ ಬಾವಲಿ ಬಾರದು. ಕೆಲವು ತಿಂಗಳು, ಕೆಲವೊಮ್ಮೆ ವರ್ಷಗಳೇ ಹಿಡಿಯಬಹುದು. ವಿಸ್ತರಣಾ ಕಾರ್ಯಕರ್ತರು ಊರಿಗೆ ಎರಡು ಮೂರು ಪೆಟ್ಟಿಗೆಗಳನ್ನು ಭತ್ತದ ಗದ್ದೆಯ ಸಮೀಪ ಕಟ್ಟಿಸಿ, ಯಾವ ತಿಂಗಳು ಎಷ್ಟು ಬಾವಲಿಗಳು ಬಂದವು, ಸುತ್ತಲಿನ ಗದ್ದೆಯಲ್ಲಿ ಬಿಳಿತೆನೆ ಎಷ್ಟಾಯಿತು ಎಂಬುದನ್ನು ಬರೆದಿಟ್ಟರೆ ಉಪಯುಕ್ತ ಮಾಹಿತಿ ದೊರೆಯುತ್ತದೆ.

ಕಾನೂನಿನ ಮಾತನ್ನೂ ತಿಳಿದಿರಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಹಣ್ಣುಬಾವಲಿಗಳನ್ನು ಉಪದ್ರವ ಪ್ರಾಣಿಗಳ ಪಟ್ಟಿಯಲ್ಲಿ ಇಡಲಾಗಿತ್ತು. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯನ್ನೇ ಕೈಬಿಡಲಾಗಿದೆ. ಆದುದರಿಂದ ಹಣ್ಣಿನ ತೋಟದವರೂ ಕೊಲ್ಲುವ ದಾರಿ ಬಿಟ್ಟು, ಬಲೆ ಹೊದಿಸುವುದು, ಗೊನೆಗೆ ಚೀಲ ಕಟ್ಟುವುದು ಮುಂತಾದ ಕ್ರಮಗಳನ್ನು ಅನುಸರಿಸುವುದು ಸೂಕ್ತ. ನಮ್ಮ ರಾಜ್ಯದಲ್ಲೇ, ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಗವಿಯೊಂದರಲ್ಲಿ ಮಾತ್ರ ಉಳಿದಿರುವ ಒಂದು ಜಾತಿಯ ಎಲೆಮೂಗಿನ ಬಾವಲಿಯಿದೆ. ಅದನ್ನು ಪ್ರಪಂಚದ ಅತ್ಯಂತ ಅಪಾಯಕ್ಕೊಳಗಾದ ಪ್ರಾಣಿಗಳ ಸಾಲಿಗೆ ಸೇರಿಸಲಾಗಿದೆ. ಕೈಗೆ ಬಂದ ಬಾವಲಿಯನ್ನೆಲ್ಲ ಬಡಿದರೆ ಯಾವುದು ಹೋಯಿತೆಂದು ತಿಳಿಯುವ ಮೊದಲೇ ಅದು ಹೋಗಿರುತ್ತದೆ.

ರೈತ ಬಾಂಧವರೇ, ಕಿರುಬಾವಲಿ ಕಾಳು ಕೇಳುವುದಿಲ್ಲ, ಹಣ್ಣು ಕೇಳುವುದಿಲ್ಲ, ನೀರಿನ ಪಾಲನ್ನೂ ಕೇಳುವುದಿಲ್ಲ. ಅದಕ್ಕೆ ಬೇಕಾದದ್ದು ಬೆರಳಗಲದ ಒಂದು ಸಂದಿ. ಕತ್ತಲೆಯಲ್ಲಿ ಹೊಲ ಕಾಯುವ ಈ ಕಾವಲುಗಾರನಿಗೆ ಅಷ್ಟನ್ನು ಬಿಟ್ಟುಕೊಡುವುದು ನಷ್ಟದ ವ್ಯವಹಾರವಲ್ಲ.